ಗೆದ್ದ ದಿನವೇ ಉಸಿರು ಕಟ್ಟಬೇಕೆ?

(ಕಾಲೇಜು ವಿದ್ಯಾರ್ಥಿಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)

ಅಮೆರಿಕದ ಫುಟ್‌ಬಾಲ್ ಬಗ್ಗೆ ಮಾತಾಡಲು ಬಂದಿದ್ದೇನೆ ಎಂದ ಕೂಡಲೇ ನಿಮ್ಮಲ್ಲಿ ಕೆಲವರು ಗಡಿಯಾರ ನೋಡಿಕೊಂಡಿರಿ. ಪರವಾಗಿಲ್ಲ, ನೋಡಿಕೊಳ್ಳಿ. ಅದು ನಾವು ಆಡುವ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ, ದೂರಕ್ಕೆ ಎಸೆಯುವ, ತಲೆಗೆ ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಆಟ. ಆಟದ ಸೂಕ್ಷ್ಮಗಳು ನಮಗೆ ಬೇಡ. ನನ್ನ ಕಣ್ಣಿರುವುದು ಅಭಿಮಾನಿಗಳ ಮೇಲೆ. ಒಂದು ಕಾಲೇಜು ತಂಡ, ಒಂದೇ ವರ್ಷದ ಆಟದಲ್ಲಿ ಎರಡು ದೊಡ್ಡ ಗೆಲುವು. ಮೊದಲ ಗೆಲುವಿನ ದಿನ ಅದರ ಅಭಿಮಾನಿಗಳು ಸಾವಿನ ಬಾಗಿಲಿಗೆ ಹೋಗಿ ಬಂದರು. ಎರಡನೆಯದರಲ್ಲಿ ಹಾಡಿ ಕುಣಿದು ಮನೆಗೆ ಹೋದರು. ಈ ಎರಡು ದಿನಗಳ ನಡುವೆ ಇರುವ ವ್ಯತ್ಯಾಸ ಏನು? ಇವತ್ತಿನ ನನ್ನ ಮಾತು ಅಷ್ಟೇ.

ತಂಡ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ್ದು. ಊರು ಮ್ಯಾಡಿಸನ್. ಚಳಿಗಾಲದಲ್ಲಿ ಕೆರೆಗಳೇ ಗಟ್ಟಿಯಾಗುವ ಉತ್ತರದ ರಾಜ್ಯ. ಹಾಲು, ಬೆಣ್ಣೆ, ಚೀಸ್ ಅಲ್ಲಿಯ ಬದುಕು. ತಮ್ಮದು ಹೈನಿನ ನಾಡು ಎಂದು ಕಾರುಗಳ ನಂಬರ್ ಪ್ಲೇಟಿನ ಮೇಲೇ ಬರೆದುಕೊಳ್ಳುವ ಜನ. ಆ ವಿಶ್ವವಿದ್ಯಾಲಯ 1848ರಲ್ಲಿ, ರಾಜ್ಯ ಹುಟ್ಟಿದ ವರ್ಷವೇ ಹುಟ್ಟಿತು. ಹಾಗಾಗಿ ಅದರ ತಂಡ ಎಂದರೆ ಅಲ್ಲಿ ಓದಿದವರದು ಮಾತ್ರ ಅಲ್ಲ. ಆ ಕಟ್ಟಡದ ಮೆಟ್ಟಿಲನ್ನೇ ಹತ್ತದ ರೈತನಿಗೂ ಅದು ನಮ್ಮ ತಂಡ. ಇನ್ನೊಂದು ಮಾತು ಹೇಳುತ್ತೇನೆ, ನಿಮಗೆ ಇಷ್ಟವಾಗುತ್ತದೆ. 1909ರಲ್ಲಿ ಆ ಕಾಲೇಜಿನ ಫುಟ್‌ಬಾಲ್ ತಂಡಕ್ಕಾಗಿ ಒಂದು ಹಾಡು ಕಟ್ಟಿದರು. ಐವತ್ತು ವರ್ಷದ ಮೇಲೆ, 1959ರಲ್ಲಿ, ಅದೇ ಹಾಡು ಇಡೀ ರಾಜ್ಯದ ಅಧಿಕೃತ ಗೀತೆಯಾಯಿತು. ಮೈದಾನದಲ್ಲಿ ಹುಟ್ಟಿದ ಹಾಡು ನಾಡಗೀತೆ! ಸಭೆ ಸೇರಿಸಿ, ಸಮಿತಿ ಮಾಡಿ, ಎಷ್ಟು ನಿಮಿಷದಲ್ಲಿ ಹಾಡಬೇಕು ಎಂದು ಜಗಳವಾಡುವ ನಮಗೆ ಇದು ಸ್ವಲ್ಪ ಹೊಟ್ಟೆಕಿಚ್ಚಿನ ವಿಷಯವೇ.

ಆದರೆ ಹಾಡಿದ್ದಷ್ಟೇ ಬಂತು, ಗೆಲುವು ಬರಲಿಲ್ಲ. 1967ರಿಂದ 1969ರವರೆಗೆ ಸಾಲಾಗಿ 23 ಪಂದ್ಯ ಆಡಿದರು, ಒಂದನ್ನೂ ಗೆಲ್ಲಲಿಲ್ಲ. 1990ರಲ್ಲಿ ಬ್ಯಾರಿ ಆಲ್ವರೆಜ್ ಎಂಬ ಹೊಸ ಕೋಚ್ ಬಂದ. ಬಂದವನೇ, ಸೀಸನ್ ಟಿಕೆಟ್ ಬೇಕಾದವರು ಈಗಲೇ ಕೊಂಡುಕೊಳ್ಳಿ, ಮುಂದೆ ಸಿಗಲಿಕ್ಕಿಲ್ಲ ಎಂದ. ಆ ವರ್ಷ ಆಡಿದ 11 ಪಂದ್ಯದಲ್ಲಿ ಗೆದ್ದದ್ದು 1. ಜನ ನಗದೆ ಏನು ಮಾಡುತ್ತಾರೆ? ಆದರೆ ನಕ್ಕವರಲ್ಲೂ ಎಷ್ಟೋ ಮಂದಿ ಕೆಂಪಂಗಿ ಹಾಕಿಕೊಂಡು ಮೈದಾನಕ್ಕೆ ಬರುತ್ತಲೇ ಇದ್ದರು. ಸೋಲುವ ತಂಡದ ಅಭಿಮಾನಿ ಎಂಥವನು ಎಂದು ಬೆಂಗಳೂರಿನ ಹುಡುಗ ಹುಡುಗಿಯರಿಗೆ ನಾನು ಹೇಳಬೇಕೆ? ಹದಿನೆಂಟು ವರ್ಷ ಕಪ್ ನಮ್ದೇ ಎಂದವರು ನೀವು!

ಮೂರು ವರ್ಷ ಕಳೆಯಿತು. 1993ರ ಅಕ್ಟೋಬರ್ 30. ಮ್ಯಾಡಿಸನ್‌ನ ಕ್ಯಾಂಪ್ ರ್‍ಯಾಂಡಲ್ ಮೈದಾನ ತುಂಬಿ ತುಳುಕುತ್ತಿದೆ. ಎದುರಾಳಿ ಮಿಷಿಗನ್, ಅವರೆದುರು ವಿಸ್ಕಾನ್ಸಿನ್ ಗೆದ್ದು 12 ವರ್ಷವಾಗಿತ್ತು. ಆ ದಿನ 13-10ರಲ್ಲಿ ಗೆದ್ದೇಬಿಟ್ಟರು. ವಿದ್ಯಾರ್ಥಿಗಳು ಕೂತಿದ್ದ ಕಡೆಯ ಮೆಟ್ಟಿಲುಗಳಿಂದ ಸಾವಿರಾರು ಹುಡುಗರು ಮೈದಾನಕ್ಕೆ ಇಳಿಯಲು ಹೊರಟರು. ಕೆಳಗೆ ಕಬ್ಬಿಣದ ಕಂಬಿ, ಅದರಾಚೆ ತಂತಿಬೇಲಿ. ಮುಂದಿನ ಸಾಲಿನವರು ಬೇಲಿಗೆ ಒತ್ತಿಕೊಂಡು ಸಿಕ್ಕಿಬಿದ್ದರು. ಮೇಲಿನಿಂದ ಬರುತ್ತಿದ್ದವರಿಗೆ ಅದು ಕಾಣಿಸಲೇ ಇಲ್ಲ. ಅವರು ಗೆಲುವಿನ ಗುಂಗಿನಲ್ಲಿ ಇಳಿಯುತ್ತಲೇ ಇದ್ದರು. ಕೊನೆಗೆ ಕಂಬಿ, ಬೇಲಿ ಮುರಿದು ಬಿದ್ದವು. ಜನರ ಮೇಲೆ ಜನ ಬಿದ್ದರು. ಎಪ್ಪತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಪೆಟ್ಟಾಯಿತು, ಕೆಲವರ ಸ್ಥಿತಿ ತೀರಾ ಗಂಭೀರವಾಗಿತ್ತು.

ಆಗ ನಡೆದದ್ದನ್ನು ಕೇಳಿ. ಗೆದ್ದ ಆಟಗಾರರು, ಇನ್ನೂ ಬೆವರು ಆರದವರು, ಹಿಂದಕ್ಕೆ ಓಡಿ ಬಂದರು. ಜೋ ಪ್ಯಾನೋಸ್, ಮೈಕಲ್ ಬ್ರಿನ್ ಮುಂತಾದವರು ರಾಶಿಯಾಗಿ ಬಿದ್ದಿದ್ದವರನ್ನು ಒಬ್ಬೊಬ್ಬರನ್ನಾಗಿ ಎಳೆದು ಹೊರಗೆ ಹಾಕಿದರು. ಬ್ರಿನ್ ವಿದ್ಯಾರ್ಥಿವೇತನ ಇಲ್ಲದೆ ತಂಡ ಸೇರಿದ್ದ ಹುಡುಗ. ಹೆಚ್ಚು ಹೊತ್ತು ಆಡಲು ಸಿಗದವನು, ಆ ದಿನ ಮನೆಮಾತಾದ. ಯಾರೂ ಸಾಯಲಿಲ್ಲ. ಇಂಥ ಘಟನೆಗಳ ಚರಿತ್ರೆ ಓದಿದವರಿಗೆ ಗೊತ್ತು, ಅದು ಪವಾಡಕ್ಕಿಂತ ಕಡಿಮೆಯಲ್ಲ.

ಈಗ ಎರಡನೆಯ ಗೆಲುವು. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ವರ್ಷದ ಆಟ ಮುಗಿದ ಮೇಲೆ ಒಳ್ಳೆಯ ತಂಡಗಳನ್ನು ಕರೆಸಿ ಆಡಿಸುವ ಪಂದ್ಯಕ್ಕೆ 'ಬೌಲ್' ಎನ್ನುತ್ತಾರೆ. ಅವುಗಳಲ್ಲಿ ಹಿರಿಯಜ್ಜ ರೋಸ್ ಬೌಲ್. ಕ್ಯಾಲಿಫೋರ್ನಿಯಾದ ಪಸಡೇನಾದಲ್ಲಿ 1902ರಲ್ಲಿ ಶುರುವಾದದ್ದು. ಉತ್ತರದವರು ಹಿಮದಲ್ಲಿ ನಡುಗುವಾಗ ನಮ್ಮಲ್ಲಿ ಗುಲಾಬಿ ಅರಳುತ್ತದೆ ನೋಡಿ ಎಂದು ತೋರಿಸಲು ಆ ಊರಿನವರು ಹೊಸವರ್ಷಕ್ಕೆ ಮಾಡುತ್ತಿದ್ದ ಹೂವಿನ ಮೆರವಣಿಗೆಗೆ ಸೇರಿಸಿದ ಆಟ ಅದು. ವಿಸ್ಕಾನ್ಸಿನ್ ಅಲ್ಲಿಗೆ 1953, 1960, 1963ರಲ್ಲಿ ಹೋಗಿ ಮೂರು ಸಲವೂ ಸೋತು ಬಂದಿತ್ತು. 1963ರಲ್ಲಂತೂ 42-14ರಿಂದ ಹಿಂದೆ ಬಿದ್ದವರು ಎದ್ದು ಬೆನ್ನಟ್ಟಿ 42-37ಕ್ಕೆ ನಿಂತರು. ಆ ಪಂದ್ಯ ನೋಡಿದ ಇಪ್ಪತ್ತರ ವಿದ್ಯಾರ್ಥಿಗೆ 1994ರಲ್ಲಿ ಐವತ್ತೊಂದು.

1994ರ ಜನವರಿ 1ರಂದು ಆ ಐವತ್ತರ ಮಂದಿ, ಅವರ ಮಕ್ಕಳು, ಎಲ್ಲ ಪಸಡೇನಾಕ್ಕೆ ನುಗ್ಗಿದರು. ಮೂರು ಸಾವಿರ ಕಿಲೋಮೀಟರಿಗೂ ಮೀರಿದ ದಾರಿ. ಎದುರಾಳಿ ಲಾಸ್ ಏಂಜಲಿಸ್‌ನ ಯುಸಿಎಲ್‌ಎ, ಆ ಮೈದಾನ ಅವರ ಸ್ವಂತ ಮನೆ. ಆದರೂ ಲಕ್ಷ ದಾಟಿದ ಜನರಲ್ಲಿ ಎಲ್ಲಿ ನೋಡಿದರೂ ಕೆಂಪು. ಮನೆಯವರೇ ನೆಂಟರಾದರು!

ಈ ಅಭಿಮಾನವನ್ನು ಮಾರಿಕೊಂಡು ತಿಂದವರೂ ಇದ್ದರು, ಅದನ್ನು ಮುಚ್ಚಿಡುವುದಿಲ್ಲ. ವಿಮಾನ, ಹೋಟೆಲು, ಟಿಕೆಟ್ ಎಲ್ಲ ಸೇರಿಸಿ ಪ್ರವಾಸ ಮಾಡಿಸುತ್ತೇವೆ ಎಂದು ಹಣ ತೆಗೆದುಕೊಂಡ ಏಜೆಂಟರಲ್ಲಿ ಕೆಲವರು ಕೊನೇ ಗಳಿಗೆಯಲ್ಲಿ ಟಿಕೆಟ್ ಇಲ್ಲ ಎಂದು ಕೈಯೆತ್ತಿದರು. ಅಷ್ಟು ದೂರ ಹೋಗಿ ಗೇಟಿನ ಹೊರಗೆ ನಿಂತವರು ಎಷ್ಟೋ ಜನ. ಪ್ರೀತಿ ಎಲ್ಲಿ ಗುಂಪು ಸೇರುತ್ತದೋ ಅಲ್ಲಿ ಬ್ಲ್ಯಾಕ್ ಟಿಕೆಟಿನವನು ಚಾಪೆ ಹಾಸಿರುತ್ತಾನೆ. ನಮ್ಮ ಗಾಂಧಿನಗರದ ಥಿಯೇಟರುಗಳ ಮುಂದೆ ಬೆಳೆದವರಿಗೆ ಇದು ಹೊಸದಲ್ಲ.

ಆಟ? ಕೊನೆಯ ಕಾಲುಭಾಗದಲ್ಲಿ ಡ್ಯಾರೆಲ್ ಬೆವೆಲ್ ಎಂಬ ಹುಡುಗ, ಓಟಕ್ಕೆ ಹೆಸರಾದವನೇ ಅಲ್ಲ, ಎಸೆಯಬೇಕಾದ ಚೆಂಡನ್ನು ಹಿಡಿದುಕೊಂಡು 21 ಗಜ ಓಡಿ ಗೆರೆ ದಾಟಿಬಿಟ್ಟ. ಯುಸಿಎಲ್‌ಎ ಕಡೆಯವರು ಆರು ಸಲ ಚೆಂಡು ಕಳೆದುಕೊಂಡರೂ ಕೊನೆಯ ನಿಮಿಷದಲ್ಲಿ 18 ಗಜದವರೆಗೆ ಬಂದರು. ಗಡಿಯಾರ ಓಡುತ್ತಲೇ ಇತ್ತು, ಅದನ್ನು ನಿಲ್ಲಿಸುವ ಅವಕಾಶ ಅವರಿಗೆ ಉಳಿದಿರಲಿಲ್ಲ. 21-16. ಮುಗಿಯಿತು. ಕೋಚ್ ಆಲ್ವರೆಜ್‌ನ ಟಿಕೆಟ್ ಮಾತಿಗೆ ಈಗ ಯಾರೂ ನಗುತ್ತಿರಲಿಲ್ಲ.

ಗೆಳೆಯರೇ, ಎರಡು ತಿಂಗಳ ಅಂತರದಲ್ಲಿ ಅದೇ ತಂಡ, ಅದೇ ಕೆಂಪಂಗಿ, ಅದೇ ಹುಚ್ಚು ಅಭಿಮಾನ. ಪಸಡೇನಾದಲ್ಲಿ ಜನ ಹೆಚ್ಚೇ ಇದ್ದರು, ಕಾದದ್ದೂ ಹೆಚ್ಚು ವರ್ಷ. ಅಲ್ಲಿ ಯಾರ ಪಕ್ಕೆಲುಬೂ ಮುರಿಯಲಿಲ್ಲ. ಹಾಗಾದರೆ ಮ್ಯಾಡಿಸನ್‌ನಲ್ಲಿ ತಪ್ಪು ಮಾಡಿದ್ದು ಅಭಿಮಾನವೇ?

ಇಲ್ಲಿ ನಮ್ಮ ಭಾಷೆಯ ಒಂದು ಪದದ ಜೊತೆ ನನ್ನ ತಕರಾರಿದೆ. 'ಕಾಲ್ತುಳಿತ'. ಪತ್ರಿಕೆಯವರು ಬರೆಯುತ್ತಾರೆ, ನಾವು ಓದುತ್ತೇವೆ. ಆ ಪದ ಕೇಳಿದ ಕೂಡಲೇ ಏನು ಕಾಣುತ್ತದೆ? ಕಣ್ಣುಮುಚ್ಚಿ ಓಡುವ ಜನ, ತುಳಿಯುವ ಕಾಲು. ಇಂಗ್ಲಿಷಿನ ಸ್ಟಾಂಪೀಡ್ ಇನ್ನೂ ಕೆಟ್ಟದ್ದು, ಅದು ಬೆದರಿದ ದನಗಳ ಹಿಂಡಿಗೆ ಇಟ್ಟ ಹೆಸರು. ಆದರೆ ಇಂಥ ಕಡೆ ಬಹುಪಾಲು ಜನ ಸಾಯುವುದು ತುಳಿತದಿಂದಲ್ಲ. ನಿಂತಲ್ಲೇ ಸಾಯುತ್ತಾರೆ. ಒಂದು ಚದರ ಮೀಟರ್ ಜಾಗದಲ್ಲಿ ಆರೇಳು ಜನ ಸೇರಿದರೆ ಅಲ್ಲಿ ಮನುಷ್ಯರಿರುವುದಿಲ್ಲ, ನೀರಿರುತ್ತದೆ. ಅಲೆ ಎದ್ದ ಹಾಗೆ ಅತ್ತ ಇತ್ತ ಒಯ್ಯುತ್ತದೆ, ಕಾಲು ನೆಲ ಬಿಡುತ್ತದೆ. ಎದೆ ಅರಳಲು ಜಾಗವಿಲ್ಲದೆ ಉಸಿರು ನಿಲ್ಲುತ್ತದೆ. ಹಿಂದಿನವನು ಕೊಲೆಗಾರನಲ್ಲ, ಅವನಿಗೆ ಮುಂದೇನಾಗುತ್ತಿದೆ ಎಂದೇ ಗೊತ್ತಿಲ್ಲ. ತಪ್ಪು ಇರುವುದು ಕಿರಿದಾದ ದಾರಿಯಲ್ಲಿ, ಮುಚ್ಚಿದ ಬಾಗಿಲಲ್ಲಿ, ಮುಂದಿನ ಸುದ್ದಿ ಹಿಂದಕ್ಕೆ ಮುಟ್ಟಿಸುವವರು ಇಲ್ಲದಿರುವುದರಲ್ಲಿ. 'ಇಕ್ಕಟ್ಟಿನ ಸಾವು' ಎಂದು ಬರೆಯಿರಿ. ಆಗ ಓದಿದವನು ಕೇಳುತ್ತಾನೆ, ಇಕ್ಕಟ್ಟು ಮಾಡಿದ್ದು ಯಾರು? ಕಾಲ್ತುಳಿತ ಎಂದರೆ ಸತ್ತವರ ಪಕ್ಕದಲ್ಲಿ ನಿಂತಿದ್ದವರೇ ಆರೋಪಿಗಳು.

ನಾನು ಎಲ್ಲಿಗೆ ಬರುತ್ತಿದ್ದೇನೆ ಎಂದು ನಿಮಗೆ ಆಗಲೇ ತಿಳಿದಿದೆ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ 11 ಜನ ಸತ್ತರು. ಹೆಚ್ಚಿನವರು ನಿಮ್ಮ ವಯಸ್ಸಿನವರು. ಸುಮಾರು 35 ಸಾವಿರ ಜನ ಹಿಡಿಸುವ ಜಾಗದ ಸುತ್ತ ಲಕ್ಷಗಟ್ಟಲೆ ಜನ. ಯಾರ ಪಾಲಿನ ತಪ್ಪೆಷ್ಟು ಎಂಬುದು ಕೋರ್ಟು ಕಚೇರಿಯ ಮಾತು. ಆದರೆ ಆ ವಾರ ಊರಲ್ಲಿ ಕೇಳಿಬಂದ ಮಾತೊಂದಿದೆ: 'ಈ ಹುಡುಗರಿಗೆ ಯಾಕೆ ಬೇಕಿತ್ತು ಇದೆಲ್ಲ?' ಅದಕ್ಕೆ ಮಾತ್ರ ನನ್ನ ವಿರೋಧವಿದೆ. ಅಭಿಮಾನಿಗಳನ್ನು ದೇವರು ಎಂದು ಕರೆದ ರಾಜಕುಮಾರರ ನಾಡು ಇದು. ದೇವರನ್ನು ಬೀದಿಗೆ ಕರೆದು ಗರ್ಭಗುಡಿಯ ಬಾಗಿಲು ಮುಚ್ಚಿದರೆ ತಪ್ಪು ದೇವರದೇ?

ನಮ್ಮ ಹಳ್ಳಿಯ ತೇರು ನೋಡಿದ್ದೀರಲ್ಲ. ಹಗ್ಗ ಹಿಡಿದು ಎಳೆಯುವವರು ನೂರು ಜನ. ಎಳೆಯುವವರಿಗೆ ಗಾಲಿ ಕಾಣಿಸುವುದಿಲ್ಲ. ಅದಕ್ಕೇ ಗಾಲಿಯ ಪಕ್ಕದಲ್ಲಿ ಮರದ ತುಂಡು ಹಿಡಿದು ನಡೆಯುವವರು ಇರುತ್ತಾರೆ. ತೇರು ದಿಕ್ಕು ತಪ್ಪಿದರೆ ಕೊಟ್ಟು ನಿಲ್ಲಿಸುತ್ತಾರೆ. ಅವರಿಲ್ಲದೆ ಯಾವ ಊರೂ ತೇರು ಹೊರಡಿಸುವುದಿಲ್ಲ. ಗೆಲುವಿನ ಮೆರವಣಿಗೆ ಮಾಡುವವರನ್ನು ನೀವು ಮೊದಲು ಕೇಳಬೇಕಾದ್ದು ಇದನ್ನೇ: ಗಾಲಿಯ ಹತ್ತಿರ ಯಾರಿದ್ದಾರೆ? ಎಷ್ಟು ಬಾಗಿಲು ತೆರೆದಿವೆ? ಪಾಸೋ, ಉಚಿತವೋ? ಅದನ್ನು ಎಷ್ಟು ಹೊತ್ತು ಮುಂಚೆ, ಯಾವ ಭಾಷೆಯಲ್ಲಿ ಹೇಳಿದಿರಿ?

ಅವರು ಉತ್ತರ ಕೊಡುವವರೆಗೆ ನಿಮ್ಮ ಜೀವ ನಿಮ್ಮ ಕೈಯಲ್ಲಿದೆ. ಆದ್ದರಿಂದ ನಾಲ್ಕು ಮಾತು. ಗುಂಪಿನಲ್ಲಿ ನಾಲ್ಕೂ ಕಡೆಯಿಂದ ಮೈ ತಾಗುತ್ತಿದೆ, ಕೈ ಎತ್ತಿ ಮುಖ ಒರೆಸಿಕೊಳ್ಳಲು ಆಗುತ್ತಿಲ್ಲ ಎನಿಸಿದರೆ ಅದೇ ಎಚ್ಚರಿಕೆ, ಆಗಲೇ ಹೊರಡಿ. ಗೋಡೆಗೆ, ಬೇಲಿಗೆ, ಗೇಟಿಗೆ ಒರಗಿ ನಿಲ್ಲಬೇಡಿ. ಸಿಕ್ಕಿಕೊಂಡರೆ ಮುಷ್ಟಿಯುದ್ಧದವನ ಹಾಗೆ ಎರಡೂ ಕೈ ಎದೆಯ ಮುಂದೆ ಮಡಚಿ ಉಸಿರಿಗೆ ಜಾಗ ಮಾಡಿಕೊಳ್ಳಿ. ಕೂಗಿ ಉಸಿರು ಕಳೆಯಬೇಡಿ. ಅಲೆಗೆ ಎದುರು ಈಜಬೇಡಿ. ಅದು ತಗ್ಗಿದಾಗ ಓರೆಯಾಗಿ ಅಂಚಿನ ಕಡೆಗೆ ಸರಿಯಿರಿ. ಚಪ್ಪಲಿ, ಮೊಬೈಲು ಬಿದ್ದರೆ ಬಿಡಿ. ಬಗ್ಗಬೇಡಿ. ಹಿಂದೆ ನಿಂತಿರುವವರೇ, ಮುಂದಿನಿಂದ 'ಹಿಂದೆ ಸರಿಯಿರಿ' ಎಂಬ ಕೂಗು ಬಂದರೆ ಅದನ್ನು ನಿಮ್ಮ ಹಿಂದಿನವರಿಗೆ ದಾಟಿಸಿ. ಮ್ಯಾಡಿಸನ್‌ನಲ್ಲಿ ಆ ಕೂಗು ಮೇಲಿನ ಸಾಲಿಗೆ ತಲುಪಲಿಲ್ಲ.

ಒಂದು ವಿಷಯ ಹೇಳುವುದು ಉಳಿಯಿತು. ವಿಸ್ಕಾನ್ಸಿನ್‌ನ ಆಟಕ್ಕೆ ಇರುವುದು ನಾಲ್ಕು ಕಾಲುಭಾಗ. ಅವರಲ್ಲಿ ಐದನೆಯದೂ ಒಂದಿದೆ. 1969ರಲ್ಲಿ, ತಂಡ ಬರೀ ಸೋಲುತ್ತಿದ್ದ ಆ ಕಾಲದಲ್ಲಿ, ಮೈಕ್ ಲೆಕ್ರೋನ್ ಎಂಬ ಸಂಗೀತದ ಮೇಷ್ಟ್ರು ಕಾಲೇಜಿನ ಬ್ಯಾಂಡಿಗೆ ಬಂದರು. 2019ರವರೆಗೆ, ಐವತ್ತು ವರ್ಷ, ಅವರೇ ನಡೆಸಿದರು. ಅವರ ಕಾಲದಲ್ಲಿ ಪಂದ್ಯ ಮುಗಿದ ಮೇಲೂ ಬ್ಯಾಂಡ್ ಮೈದಾನದಲ್ಲೇ ಉಳಿದು ನುಡಿಸುವ ರೂಢಿ ಬೆಳೆಯಿತು. ಗೆಲ್ಲಲಿ, ಸೋಲಲಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಜನ ಕೂತಲ್ಲೇ ಎದ್ದು ಕುಣಿಯುತ್ತಾರೆ, ತೋಳು ಬೀಸಿ ಹಾಡುತ್ತಾರೆ. ಬೇಕಾದವರು ಮೊದಲು ಹೋಗುತ್ತಾರೆ, ಉಳಿದವರು ಆಮೇಲೆ. ಬಾಗಿಲಿಗೆ ಎಲ್ಲರೂ ಒಟ್ಟಿಗೆ ಬೀಳುವುದು ತಪ್ಪುತ್ತದೆ ಎಂಬುದು ನನ್ನ ಲೆಕ್ಕ, ಬ್ಯಾಂಡಿನವರು ಅದನ್ನು ಯೋಚಿಸಿಯೇ ಮಾಡಿದರೋ ಇಲ್ಲವೋ. ಬ್ಯಾಂಡೊಂದೇ ಸಾಲದು, ಸರಿ. ಅಕ್ಟೋಬರ್ 30ರಂದೂ ಬ್ಯಾಂಡ್ ಇತ್ತು. ಆದರೆ ನೋಡಿ, ಸಂತೋಷಕ್ಕೆ ಅವರು ಜಾಗ ಇಟ್ಟುಕೊಂಡಿದ್ದರು, ಹೊತ್ತು ಇಟ್ಟುಕೊಂಡಿದ್ದರು. ಡೊಳ್ಳು, ತಮಟೆ, ಕಂಸಾಳೆ ಇಷ್ಟೆಲ್ಲ ಇರುವ ನಾವು ಗೆದ್ದ ದಿನ ಜನರನ್ನು ಬೀದಿಬೀದಿಯಲ್ಲಿ, ಅವರವರ ಬಡಾವಣೆಯ ಮೈದಾನದಲ್ಲೇ ಕುಣಿಸಬಹುದಿತ್ತಲ್ಲ? ಮಲ್ಲೇಶ್ವರದವರು ಮಲ್ಲೇಶ್ವರದಲ್ಲಿ, ಜಯನಗರದವರು ಜಯನಗರದಲ್ಲಿ. ಮುಂದಿನ ಸಲ ಯಾವ ತಂಡವೇ ಗೆಲ್ಲಲಿ, ನಿಮ್ಮ ಬಡಾವಣೆಯ ಮೈದಾನದ ಬೀಗದ ಕೈ ಯಾರ ಹತ್ತಿರ ಇದೆ ಎಂದು ಈಗಲೇ ಹೋಗಿ ವಿಚಾರಿಸಿಕೊಂಡು ಬನ್ನಿ.