ಮೊದಲ ದಿನ ಹೆಸರಿನ ಆಟ

(ಹೊಸ ಸಂಘ ಕಟ್ಟಲು ಹೊರಟ ಮಹಿಳೆಯರ ಮುಂದೆ ಆಡಿದ ಮಾತು)



ನೀವು ನಿಮ್ಮ ಊರಿನಲ್ಲಿ ಮಹಿಳಾ ಸಂಘ ಕಟ್ಟಲು ಹೊರಟಿದ್ದೀರಿ. ಬಹಳ ಸಂತೋಷ. ಮೊದಲ ದಿನ ಏನಾಗುತ್ತೆ ಗೊತ್ತಾ? ಹದಿನೈದು ಜನ ಬರ್ತಾರೆ. ಒಂದು ಕೇರಿಯವರು ಗೋಡೆಗೆ ಒರಗಿ ಕೂರ್ತಾರೆ. ಇನ್ನೊಂದು ಕೇರಿಯವರು ಬಾಗಿಲ ಹತ್ತಿರ ಕೂರ್ತಾರೆ. ಯಾರೂ ಬಾಯಿ ಬಿಡೋದಿಲ್ಲ.

ಆಗ ನೀವು ಭಾಷಣ ಮಾಡಬೇಡಿ. ಒಂದು ಆಟ ಆಡಿಸಿ.

ಹಳೆಯ ಸೀರೆಯ ತುಂಡು ತೆಗೆದುಕೊಳ್ಳಿ. ಸುತ್ತಿ, ದಾರ ಕಟ್ಟಿ ಚೆಂಡು ಮಾಡಿ. ಎಲ್ಲರೂ ನೆಲದ ಮೇಲೆ ದುಂಡಗೆ ಕೂರಲಿ. ನೀವೂ ಅವರ ಜೊತೆ ಕೂರಿ. ಕುರ್ಚಿ ಬೇಡ. ದುಂಡಗೆ ಕೂತರೆ ಮುಂದೆ, ಹಿಂದೆ ಅನ್ನೋದು ಇರಲ್ಲ. ಎಲ್ಲರಿಗೂ ಎಲ್ಲರ ಮುಖ ಕಾಣುತ್ತೆ.

ಮೊದಲ ಸುತ್ತು: ಚೆಂಡು ಹಿಡಿದವರು ತಮ್ಮ ಹೆಸರು ಹೇಳಬೇಕು. ತಮಗೆ ಇಷ್ಟವಾದ ಒಂದು ತಿಂಡಿ ಹೇಳಬೇಕು. ಮೊದಲು ನೀವೇ ಹೇಳಿ. ಆಮೇಲೆ ಚೆಂಡನ್ನು ಪಕ್ಕದವರಿಗೆ ಕೊಡಿ. ನೆಲಕ್ಕೆ ಇಡಬೇಡಿ. ಕೈಯಿಂದ ಕೈಗೆ ಕೊಡಿ. ಇದು ಚಿಕ್ಕ ಮಾತಲ್ಲ. ಎಷ್ಟೋ ಊರಲ್ಲಿ ಒಬ್ಬರ ಕೈ ಇನ್ನೊಬ್ಬರ ಕೈಗೆ ತಗಲುವುದೇ ಅವತ್ತು ಮೊದಲು.

ಎರಡನೇ ಸುತ್ತು: ಒಬ್ಬರ ಹೆಸರು ಕರೆದು ಅವರಿಗೆ ಚೆಂಡು ಎಸೆಯಬೇಕು. ಹೆಸರು ಮರೆತರೆ ಕೇಳಲಿ, ತಪ್ಪಿಲ್ಲ. ದಂಡ, ಶಿಕ್ಷೆ ಏನೂ ಬೇಡ. ನಗು ಬಂದರೆ ಎಲ್ಲರೂ ನಗಲಿ. ಆದರೆ ಒಬ್ಬರನ್ನು ನೋಡಿ ನಗುವುದು ಬೇಡ.

ನಾನು ಆಟ ಆಡಿಸಿದ ಒಂದು ಊರಿನ ಮಾತು ಹೇಳ್ತೀನಿ. ಚೆಂಡು ಒಬ್ಬ ಅಜ್ಜಿಯ ಕೈಗೆ ಬಂತು. "ನನಗೇನು ಹೆಸರವ್ವಾ, ಎಲ್ಲರೂ ದೊಡ್ಡಮ್ಮ ಅಂತಾರೆ" ಅಂದರು. ನಾವು ಅವಸರ ಮಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ತಮ್ಮ ಹೆಸರು ಹೇಳಿದರು. ಪಕ್ಕದ ಮನೆಯಾಕೆ, "ಅಯ್ಯೋ, ಇಷ್ಟು ವರ್ಷ ನನಗೇ ಗೊತ್ತಿರಲಿಲ್ಲವಲ್ಲಾ!" ಅಂದಳು. ಎರಡನೇ ಸುತ್ತಿನಲ್ಲಿ ಎಲ್ಲರೂ ಆ ಹೆಸರನ್ನೇ ಕರೆದರು. ಚೆಂಡು ಹಿಡಿದು ಹಿಡಿದು ಅಜ್ಜಿಗೆ ಸಾಕಾಯಿತು. ಆದರೂ ಬಿಡಲಿಲ್ಲ!

ಕೆಲವು ಎಚ್ಚರ ಇರಲಿ. ಗಂಡನ ಹೆಸರು, ಜಾತಿ, ಮಕ್ಕಳೆಷ್ಟು ಅಂತ ಕೇಳಬೇಡಿ. ಮಕ್ಕಳಿಲ್ಲದವರು, ಗಂಡ ಬಿಟ್ಟವರು ನೊಂದುಕೊಳ್ಳುತ್ತಾರೆ. ನಾಚುವವರನ್ನು ಒತ್ತಾಯ ಮಾಡಬೇಡಿ. ಅವರ ಸರದಿ ಕೊನೆಗೆ ಬರಲಿ. ಮಂಡಿ ನೋವಿನವರನ್ನು ಏಳಿಸಿ ಓಡಿಸಬೇಡಿ. ಕಿವಿ ಮಂದ ಇರುವವರನ್ನು ನಿಮ್ಮ ಪಕ್ಕ ಕೂರಿಸಿಕೊಳ್ಳಿ. ಹದಿನೈದು, ಇಪ್ಪತ್ತು ನಿಮಿಷ ಆಟ ಸಾಕು.

ಆಟ ಯಾಕೆ ಅಂತೀರಾ? 1992ರಲ್ಲಿ ನಬಾರ್ಡ್ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಶುರು ಮಾಡಿತು. 2000ರಲ್ಲಿ ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು. ಸಂಘದ ಉಳಿತಾಯದಲ್ಲಿ ಯಾರಿಗೆ ಸಾಲ ಕೊಡಬೇಕು ಅಂತ ಸದಸ್ಯರೇ ತೀರ್ಮಾನ ಮಾಡಬೇಕು. ಹೆಸರೇ ತಿಳಿಯದವರನ್ನು ನಂಬೋದು ಹೇಗೆ? ಸಭೆಯಲ್ಲಿ ಹೆಸರು ಹೇಳಲು ನಾಚುವವಳು "ಈ ಲೆಕ್ಕ ತಪ್ಪು" ಅಂತ ಹೇಳುವುದು ಹೇಗೆ?

ಆಟ ಮುಗಿದ ಮೇಲೆ ಸ್ಲೇಟು, ಬಳಪ ಕೊಡಿ. ಬಾಯಲ್ಲಿ ಹೇಳಿದ ಹೆಸರನ್ನು ಕೈಯಲ್ಲಿ ಬರೆಯಲಿ. ಬರೆಯಲು ಬಾರದವರಿಗೆ ಪಕ್ಕದವರು ಕೈ ಹಿಡಿದು ಬರೆಸಲಿ.

ಬನ್ನಿ, ದುಂಡಗೆ ಕೂರೋಣ. ಚೆಂಡು ಇಲ್ಲಿದೆ. ಮೊದಲು ನಾನು ನನ್ನ ಹೆಸರು ಹೇಳ್ತೀನಿ.