ಸಾಲದ ಲೆಕ್ಕವೂ ದಾದಿಯ ಸಂಬಳವೂ

(ಮಿಲ್ಲು ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ಪಕ್ಷದ ಕಚೇರಿಗೆ ಬರುವವರಲ್ಲಿ ಬಹಳ ಜನ ಒಂದೇ ಪ್ರಶ್ನೆ ಹಿಡಿದು ಬರುತ್ತಾರೆ: "ಮೇಷ್ಟ್ರೇ, ಹುಡುಗಿಯನ್ನು ನರ್ಸಿಂಗಿಗೆ ಸೇರಿಸಬೇಕು, ಸಾಲ ಮಾಡಬಹುದೇ?" ಇದು ಮನೆವಾರ್ತೆಯ ಮಾತು, ಸಭೆಯಲ್ಲಿ ಆಡುವಂಥದ್ದಲ್ಲ ಎಂದು ಕೆಲವರಿಗೆ ತೋರಬಹುದು. ನಮಗೆ ಹಾಗೆ ತೋರುವುದಿಲ್ಲ. ದುಡಿಯುವವರ ಮನೆಯೊಳಕ್ಕೆ ಸಾಲ ಯಾವ ಬಾಗಿಲಿನಿಂದ ಬರುತ್ತದೆಯೋ ಆ ಬಾಗಿಲಿನಲ್ಲಿ ಪಕ್ಷವೂ ನಿಲ್ಲಬೇಕು.

ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ ಮಿಲ್ಲಿನಲ್ಲಿ ರಾತ್ರಿ ಪಾಳಿ ಮಾಡುವ ಗೆಳೆಯರೊಬ್ಬರು ಇದೇ ಪ್ರಶ್ನೆ ಕೇಳಿದಾಗ, "ವಿದ್ಯೆಗೆ ಮಾಡಿದ ಸಾಲ ಸಾಲವಲ್ಲ, ಧೈರ್ಯವಾಗಿ ಸೇರಿಸಿ" ಎಂದುಬಿಟ್ಟೆವು. ಹುಡುಗಿ ಚೆನ್ನಾಗಿ ಓದಿದಳು, ತೇರ್ಗಡೆಯಾದಳು, ಬೆಂಗಳೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕೂ ಸೇರಿದಳು. ಸಂಬಳದಲ್ಲಿ ಊಟ, ಬಾಡಿಗೆ ಕಳೆದು ಉಳಿದದ್ದು ಬ್ಯಾಂಕಿನ ಕಂತಿಗೆ ಸಾಲಲಿಲ್ಲ. ಆ ತಂದೆ ಬ್ಯಾಂಕಿನ ನೋಟೀಸನ್ನು ತಂದು ನಮ್ಮ ಮೇಜಿನ ಮೇಲಿಟ್ಟು, "ಬಡ್ಡಿ ಲೆಕ್ಕ ಊರ ಮಕ್ಕಳಿಗೆಲ್ಲ ಕಲಿಸಿದವರು ನೀವು ಮೇಷ್ಟ್ರೇ. ನನಗೂ ಒಂದು ಲೆಕ್ಕ ಹಾಕಿ ಕೊಡಬಹುದಿತ್ತು" ಎಂದರು. ಅಂದು ಹಾಕಿಕೊಡದ ಲೆಕ್ಕವನ್ನು ಇಂದು ನಿಮ್ಮೆಲ್ಲರ ಮುಂದೆ ಹಾಕುತ್ತೇವೆ.

ಪಿಯುಸಿ ಮುಗಿಸಿದ ಮಕ್ಕಳಿಗೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಜಿಎನ್‌ಎಂ ಎಂಬ 3 ವರ್ಷದ ಡಿಪ್ಲೊಮಾ. ಇನ್ನೊಂದು, 4 ವರ್ಷದ ಬಿ.ಎಸ್‌ಸಿ. ನರ್ಸಿಂಗ್, ಇದಕ್ಕೆ ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು. ಎರಡನ್ನು ಮುಗಿಸಿದವರೂ ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿಕೊಂಡು ದಾದಿಯರಾಗಿ ಕೆಲಸ ಮಾಡಬಹುದು. ಪದವಿಗೆ ಮುಂದಿನ ಓದಿನಲ್ಲಿ, ಬೋಧಕ ಹುದ್ದೆಗಳಲ್ಲಿ ಅನುಕೂಲ ಉಂಟೆಂಬುದು ನಿಜ. ಆದರೆ ಡಿಪ್ಲೊಮಾ ಮಾಡಿದವಳಿಗೆ ಆ ಬಾಗಿಲು ಮುಚ್ಚಿಲ್ಲ. ಅವಳು ಕೆಲಸಕ್ಕೆ ಸೇರಿ, ನಾಲ್ಕು ಕಾಸು ಕೂಡಿಸಿ, ಆಮೇಲೆ 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ಓದಿ ಪದವೀಧರೆಯಾಗಬಹುದು.

ಈಗ ಲೆಕ್ಕ. ಇವು ಉದಾಹರಣೆಗೆ ಹಿಡಿದ ಅಂಕಿಗಳು. ನಿಮ್ಮ ಕಾಲೇಜಿನ ಅಂಕಿಗಳನ್ನು ನೀವೇ ಇಟ್ಟು ನೋಡಿಕೊಳ್ಳಿ. ಪದವಿಗೆ ವರ್ಷಕ್ಕೆ 1 ಲಕ್ಷದಂತೆ 4 ಲಕ್ಷ ಸಾಲ, ಬಡ್ಡಿ ವರ್ಷಕ್ಕೆ ನೂರಕ್ಕೆ 10. ಓದುವಾಗಲೂ, ಓದು ಮುಗಿದ ಮೇಲೆ 1 ವರ್ಷವೂ ಬ್ಯಾಂಕು ಕಂತು ಕೇಳುವುದಿಲ್ಲ. ಆದರೆ ಬಡ್ಡಿಗೆ ರಜೆ ಇಲ್ಲ. ಓದಿನ ಕಾಲದ ಬಡ್ಡಿ 1 ಲಕ್ಷ, ಆ ಮೇಲಿನ ವರ್ಷದ್ದು 40,000. ಮೊದಲ ಕಂತು ಕಟ್ಟುವ ದಿನಕ್ಕೆ ಸಾಲ 5 ಲಕ್ಷದ 40 ಸಾವಿರ. ಇದನ್ನು 10 ವರ್ಷಗಳಲ್ಲಿ ತೀರಿಸಬೇಕಾದರೆ ತಿಂಗಳಿಗೆ 7,100 ರೂಪಾಯಿಗೂ ಮೇಲೆ. ಕಟ್ಟಿ ಮುಗಿಸುವ ಹೊತ್ತಿಗೆ ಕೈಬಿಟ್ಟ ಹಣ ಎಂಟೂವರೆ ಲಕ್ಷ ದಾಟಿರುತ್ತದೆ!

ಡಿಪ್ಲೊಮಾಕ್ಕೆ ವರ್ಷಕ್ಕೆ 60,000 ಸಾಲವೆಂದರೆ, ಇದೇ ರೀತಿ ನೋಡಿದಾಗ ತಿಂಗಳ ಕಂತು ಸುಮಾರು 3,100.

ಈ ಎರಡು ಕಂತುಗಳನ್ನು ಹುಡುಗಿಯ ಮೊದಲ ಬಟವಾಡೆಯ ಪಕ್ಕದಲ್ಲಿಡಿ. ಸಂಬಳ 15,000 ಎಂದುಕೊಂಡರೆ ಒಂದು ಕಂತು ಅದರ ಅರ್ಧದಷ್ಟು ನುಂಗುತ್ತದೆ, ಇನ್ನೊಂದು ಐದರಲ್ಲಿ ಒಂದು ಪಾಲು ತೆಗೆದುಕೊಳ್ಳುತ್ತದೆ. ಐದರಲ್ಲಿ ಒಂದು ಪಾಲು ಮೀರಿದ ಕಂತು ನಮ್ಮಂಥ ಮನೆಗಳಿಗೆ ಆಗದು ಎಂಬುದು ನಮ್ಮ ಅಭಿಪ್ರಾಯ. ಅಂಗಡಿ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಾರದ ಹಣವನ್ನು ಜಮಾಕ್ಕೆ ಬರೆದುಕೊಂಡು ಸರಕು ತುಂಬಿಸುವ ವ್ಯಾಪಾರಿ ಎಷ್ಟು ದಿನ ಬಾಗಿಲು ತೆರೆದಾನು? ಏಜೆಂಟರು ಹೇಳುವ ಪರದೇಶದ ಸಂಬಳವೂ ಹಾಗೆಯೇ. ಹೋದರೆ ಸಂತೋಷ, ಆದರೆ ಅದಕ್ಕೆ ಅನುಭವ ಬೇಕು, ಭಾಷೆಯ ಪರೀಕ್ಷೆ ಬೇಕು, ಕಾಲ ಬೇಕು. ಅದನ್ನು ನಂಬಿ ಇಂದು ಸಾಲಪತ್ರಕ್ಕೆ ಸಹಿ ಹಾಕಬೇಡಿ. ಆ ಪತ್ರದಲ್ಲಿ ತಂದೆತಾಯಿಯರ ಸಹಿಯೂ ಇರುತ್ತದೆ, ಮರೆಯಬೇಡಿ.

ಆದ್ದರಿಂದ ಸೇರಿಸುವ ಮೊದಲು ಮಾಡಬೇಕಾದ ಕೆಲಸಗಳಿವೆ. ಸರ್ಕಾರಿ ಕಾಲೇಜಿನ ಸೀಟಿಗೆ, ಖಾಸಗಿ ಕಾಲೇಜಿನ ಸರ್ಕಾರಿ ಕೋಟಾಕ್ಕೆ ಮೊದಲು ಅರ್ಜಿ ಹಾಕಿರಿ. ಫೀಸಿನ ಜೊತೆಗೆ ಹಾಸ್ಟೆಲ್ಲು, ಸಮವಸ್ತ್ರ, ಪರೀಕ್ಷೆ ಎಲ್ಲವನ್ನೂ ಕಾಗದದ ಮೇಲೆ ಬರೆಸಿಕೊಳ್ಳಿರಿ. ಕಾಲೇಜಿನ ಆಸ್ಪತ್ರೆಗೆ ಹೋಗಿ ಹಾಸಿಗೆಗಳ ಮೇಲೆ ರೋಗಿಗಳಿದ್ದಾರೆಯೇ ಎಂದು ಕಣ್ಣಾರೆ ನೋಡಿರಿ; ರೋಗಿಗಳಿಲ್ಲದ ಕಡೆ ಶುಶ್ರೂಷೆ ಕಲಿಯುವುದು ನೀರಿಲ್ಲದ ಬಾವಿಯಲ್ಲಿ ಈಜು ಕಲಿತಂತೆ. ಹಿಂದಿನ ವರ್ಷ ಪಾಸಾದ ಇಬ್ಬರು ಹುಡುಗಿಯರನ್ನು ಹುಡುಕಿ ಅವರ ಕೈಗೆ ಬರುವ ಸಂಬಳ ಕೇಳಿರಿ. ಮೂಲ ಅಂಕಪಟ್ಟಿಯನ್ನು ಇಟ್ಟುಕೊಳ್ಳುತ್ತೇವೆ, ಇಷ್ಟು ವರ್ಷ ಇಲ್ಲೇ ದುಡಿಯಬೇಕೆಂದು ಮುಚ್ಚಳಿಕೆ ಬರೆದುಕೊಡಿ ಎನ್ನುವಲ್ಲಿಂದ ಎದ್ದು ಬನ್ನಿರಿ. ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗೆ ಆದಾಯವಿರುವ ಮನೆಯ ಮಕ್ಕಳ ಓದಿನ ಕಾಲದ ಬಡ್ಡಿಯನ್ನು ಸರ್ಕಾರವೇ ಭರಿಸುವ ಯೋಜನೆ 2009ರಿಂದ ಬಂದಿದೆ. ಎಲ್ಲ ಕಾಲೇಜಿಗೂ ಅದು ಸಲ್ಲದ ಕಾರಣ ನಿಮ್ಮ ಕಾಲೇಜಿಗೆ ಉಂಟೇ ಎಂದು ಬ್ಯಾಂಕಿನಲ್ಲಿ ಮುಂಚೆಯೇ ಕೇಳಿರಿ. ಇಲ್ಲವಾದರೆ ಓದುವಾಗಲೇ ತಿಂಗಳ ಬಡ್ಡಿಯನ್ನಾದರೂ ಕಟ್ಟುತ್ತ ಬಂದರೆ ಅಸಲು ಬೆಳೆಯುವುದಿಲ್ಲ.

ಆದರೆ ಸಂಗಾತಿಗಳೇ, ಮನೆಯೊಳಗಿನ ಲೆಕ್ಕ ಎಷ್ಟು ಸರಿಯಿದ್ದರೂ ಸಂಬಳದ ಅಂಕಿಯನ್ನು ಬರೆಯುವ ಕೈ ಬೇರೆಯವರದು. 2016ರಲ್ಲಿ ಜಾರಿಗೆ ಬಂದ ಏಳನೆಯ ವೇತನ ಆಯೋಗದಂತೆ ಕೇಂದ್ರ ಸರ್ಕಾರದ ಆಸ್ಪತ್ರೆಯ ದಾದಿಗೆ ಆರಂಭದ ಮೂಲವೇತನ 44,900. ಅದೇ ವರ್ಷ ಸುಪ್ರೀಂ ಕೋರ್ಟಿನ ಸೂಚನೆಯಂತೆ ಕೇಂದ್ರ ನೇಮಿಸಿದ ಸಮಿತಿಯು, 200ಕ್ಕೂ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆಗಳು ರಾಜ್ಯ ಸರ್ಕಾರಿ ದಾದಿಯರಿಗೆ ಸಮನಾದ ಸಂಬಳ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆಯ ಕಡೆಯೂ 20,000ಕ್ಕೆ ಇಳಿಯಬಾರದು ಎಂದು ಹೇಳಿತು. ಹೇಳಿದ್ದು ಕಾಗದ, ಕೊಡಿಸುವುದು ಚಳವಳಿ. ಕೇರಳದ ದಾದಿಯರು ಸಂಘ ಕಟ್ಟಿ, ಮುಷ್ಕರ ಹೂಡಿ, 2018ರಲ್ಲಿ 20,000ದ ಕನಿಷ್ಠ ವೇತನದ ಆಜ್ಞೆಯನ್ನು ತಮ್ಮ ಸರ್ಕಾರದಿಂದ ಹೊರಡಿಸಿದರು. ತುಟ್ಟಿಭತ್ಯಕ್ಕಾಗಿ ಮಿಲ್ಲಿನ ಗೇಟಿನಲ್ಲಿ ಕೂತವರು ನೀವು. ಇದರ ಅರ್ಥ ನಿಮಗೆ ಗೊತ್ತು.

ಹೆಣ್ಣುಮಕ್ಕಳನ್ನು ಓದಿಸಬೇಡಿ ಎಂದು ನಾವು ಎಂದಿಗೂ ಹೇಳುವುದಿಲ್ಲ. ಓದಿಸಿರಿ, ಅವಳ ಮೊದಲ ಸಂಬಳ ಹೊರಬಲ್ಲಷ್ಟೇ ಸಾಲ ಹೊರಿಸಿರಿ. ಕೆಲಸಕ್ಕೆ ಸೇರಿದ ದಿನವೇ ಸಂಘಕ್ಕೂ ಸೇರು ಎಂದು ಅವಳಿಗೆ ಹೇಳಿ ಕಳಿಸಿರಿ. ಲೆಕ್ಕ ಹಾಕಬೇಕೆನ್ನುವವರು ಯಾವ ಸಂಜೆಯಾದರೂ ಫೀಸಿನ ಚೀಟಿ ಹಿಡಿದು ಕಚೇರಿಗೆ ಬನ್ನಿ. ಈ ಸಲ ನಾವು ಮೊದಲು ಲೆಕ್ಕ ಹಾಕಿ, ಆಮೇಲೆ ಮಾತನಾಡುತ್ತೇವೆ.