ಎಂಬತ್ತೊಂಬತ್ತರ ರೈತನ ಮೊದಲ ಮ್ಯಾರಥಾನ್

(ರಜತ ಮಹೋತ್ಸವದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಾಲ, ಷೇರು, ಗೊಬ್ಬರದ ಲೆಕ್ಕವನ್ನೆಲ್ಲ ಕಾರ್ಯದರ್ಶಿಗಳು ಆಗಲೇ ಓದಿದ್ದಾರೆ. ನನಗೆ ಕೊಟ್ಟಿರುವ ಹತ್ತು ನಿಮಿಷದಲ್ಲಿ ನಮ್ಮಂಥ ಒಬ್ಬ ರೈತರ ವಿಷಯ ಹೇಳುತ್ತೇನೆ. ಅವರ ಹೆಸರು ಫೌಜಾ ಸಿಂಗ್. ಪಂಜಾಬಿನ ಜಲಂಧರ್ ಹತ್ತಿರದ ಬಿಯಾಸ್ ಪಿಂಡ್ ಅವರ ಊರು. ಪಾಸ್‌ಪೋರ್ಟಿನ ಪ್ರಕಾರ ಹುಟ್ಟಿದ್ದು 1911ರ ಏಪ್ರಿಲ್ 1ರಂದು. ಐದು ವರ್ಷ ಆಗುವವರೆಗೂ ಮಗು ನಡೆಯಲೇ ಇಲ್ಲವಂತೆ. ಕಾಲು ಸಣ್ಣ, ಬಲವಿಲ್ಲ. ಓರಗೆಯ ಹುಡುಗರು 'ದಂಡಾ', ಅಂದರೆ ಕೋಲು ಅಂತ ರೇಗಿಸುತ್ತಿದ್ದರು. ಅದೇ ಕಾಲಿನಲ್ಲಿ ಮುಂದೆ ಬೇಸಾಯ ಮಾಡಿ ಸಂಸಾರ ಸಾಕಿದರು.

1992ರಲ್ಲಿ ಹೆಂಡತಿ ತೀರಿಕೊಂಡರು. 1994ರಲ್ಲಿ ಒಬ್ಬ ಮಗ ಅಪಘಾತದಲ್ಲಿ ಹೋದ. ಲಂಡನ್ನಿನಲ್ಲಿದ್ದ ಇನ್ನೊಬ್ಬ ಮಗನ ಮನೆಯಲ್ಲಿ ಮುದುಕರ ವಾಸ. ಭಾಷೆ ಬಾರದ ಊರು, ಕೆಲಸವಿಲ್ಲದ ಕೈ, ಮೇಲೆ ಪುತ್ರಶೋಕ. ಅದು ಹೇಗಿರುತ್ತೆ ಅಂತ ಇಲ್ಲಿ ಕೂತಿರುವ ಕೆಲವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಆ ದುಃಖದಿಂದ ಹೊರಗೆ ಬರುವುದಕ್ಕೆ ಅವರು ಓಡಲು ಹಿಡಿದರು.

ಹರ್ಮಂದರ್ ಸಿಂಗ್ ಅನ್ನುವವರ ಹತ್ತಿರ ತರಬೇತಿಗೆ ಹೋದ ಮೊದಲ ದಿನ ಕೋಟು, ವೇಸ್ಟ್‌ಕೋಟು ಸಮೇತ ಪೂರಾ ಸೂಟು ಹಾಕಿಕೊಂಡು ಹೋಗಿದ್ದರಂತೆ! ಇಪ್ಪತ್ತು ಕಿಲೋಮೀಟರ್ ಓಡಿ ಅಭ್ಯಾಸವಿತ್ತು. ಮ್ಯಾರಥಾನ್ ಅಂದರೆ 26 ಕಿಲೋಮೀಟರ್ ತಾನೇ ಅಂದುಕೊಂಡಿದ್ದರು. ಅದು 26 ಮೈಲಿ, ಅಂದರೆ 42 ಕಿಲೋಮೀಟರಿಗೂ ಮೇಲೆ ಅಂತ ಗೊತ್ತಾದ ಮೇಲೆ ತರಬೇತಿ ಬಿಗಿಯಾಯಿತು. 2000ನೇ ಇಸವಿಯ ಲಂಡನ್ ಮ್ಯಾರಥಾನಿನಲ್ಲಿ, 89ನೇ ವಯಸ್ಸಿನಲ್ಲಿ, 6 ಗಂಟೆ 54 ನಿಮಿಷದಲ್ಲಿ ಮುಗಿಸಿದರು. ಅದೇ ಅವರ ಮೊದಲ ಮ್ಯಾರಥಾನ್.

ಅವರು ಓಡಿದ್ದು ಬ್ಲಿಸ್ ಅನ್ನುವ ಸಂಸ್ಥೆಗಾಗಿ, ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ಸಹಾಯಕ್ಕೆ. 37 ವಾರ ತುಂಬದೆ ಹುಟ್ಟಿದ ಮಗುವಿಗೆ ಚರ್ಮದ ಕೆಳಗೆ ಕೊಬ್ಬು ಕಡಿಮೆ, ಮೈ ಬೇಗ ತಣ್ಣಗಾಗುತ್ತೆ. ತೀರಾ ಮೊದಲೇ ಹುಟ್ಟಿದ್ದಕ್ಕೆ ಉಸಿರಾಟ ಕಷ್ಟ, ಹಾಲು ಚೀಪುವ ಶಕ್ತಿ ಇರಲ್ಲ. ನಮ್ಮ ಅಜ್ಜಿಯರು ಹತ್ತಿಯಲ್ಲಿ ಸುತ್ತಿ ದೇವರಿಗೆ ಬಿಡುತ್ತಿದ್ದರು. ಈಗ ಬೆಚ್ಚಗಿಡುವ ಯಂತ್ರಗಳಿವೆ. ತಾಯಿ ತನ್ನ ಬರೀ ಎದೆಗೆ ಅವಚಿಕೊಂಡರೂ ಕೂಸಿನ ಮೈ ಬಿಸಿ ಉಳಿಯುತ್ತೆ ಅಂತ ಡಾಕ್ಟರುಗಳೇ ಹೇಳುತ್ತಾರೆ. ಅದಕ್ಕೆ ಕಾಸು ಖರ್ಚಿಲ್ಲ. ಸೊಸೆಯಂದಿರ ತವರಿಗೂ ಈ ಮಾತು ಮುಟ್ಟಿಸಿ.

ಮುಂದೆ 2011ರಲ್ಲಿ, ನೂರು ತುಂಬಿದ ಮೇಲೆ, ಕೆನಡಾದ ಟೊರಾಂಟೊದಲ್ಲಿ ಪೂರ್ತಿ ಮ್ಯಾರಥಾನ್ ಮುಗಿಸಿದರು. ಗಿನ್ನೆಸ್‌ನವರು ದಾಖಲೆ ಒಪ್ಪಲಿಲ್ಲ. ಕಾರಣ, ಜನನ ಪತ್ರ ಇಲ್ಲ! 1911ರಲ್ಲಿ ಹಳ್ಳಿಯಲ್ಲಿ ಜನನ ಪತ್ರ ಬರೆದುಕೊಡುತ್ತಿದ್ದವರು ಯಾರು? ವೃದ್ಧಾಪ್ಯ ವೇತನಕ್ಕೆ ಓಡಾಡಿದ ನಮ್ಮ ಹಿರಿಯರಿಗೆ ಈ ತಕರಾರು ಚೆನ್ನಾಗಿ ಗೊತ್ತು. 2013ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಕೊನೆಯ ಸ್ಪರ್ಧೆ ಓಡಿ ನಿಲ್ಲಿಸಿದರು. 2025ರ ಜುಲೈ 14ರಂದು ತಮ್ಮ ಊರಿನಲ್ಲೇ ರಸ್ತೆ ದಾಟುವಾಗ ಕಾರು ಬಡಿದು ತೀರಿಕೊಂಡರು. ಅಷ್ಟು ದೂರ ಓಡಿದ ಮನುಷ್ಯ ಮನೆ ಹತ್ತಿರದ ರಸ್ತೆಯಲ್ಲಿ ಹೋದರು. ಗುದ್ದಿದ ಗಾಡಿ ನಿಲ್ಲಲೂ ಇಲ್ಲ.

ಈಗ ನಮ್ಮ ಊರಿನ ವಿಷಯ. ರಜತ ಮಹೋತ್ಸವದ ನೆನಪಿಗೆ ಊರಿಂದ ತಾಲ್ಲೂಕು ಕೇಂದ್ರದವರೆಗೆ ಹದಿನಾಲ್ಕು ಕಿಲೋಮೀಟರ್ ಓಡುತ್ತೇವೆ, ಬಂದ ಹಣ ಸರ್ಕಾರಿ ಆಸ್ಪತ್ರೆಯ ಎಳೆಕೂಸುಗಳ ಕೋಣೆಗೆ ಹೋಗಲಿ ಅಂತ ಹುಡುಗರು ಸಂಘಕ್ಕೆ ಅರ್ಜಿ ಕೊಟ್ಟಿದ್ದಾರೆ. "ಓಡಿದರೆ ಬೆವರು ಬರುತ್ತೆ, ದುಡ್ಡು ಎಲ್ಲಿಂದ ಬರುತ್ತಪ್ಪ?" ಅಂತ ಒಬ್ಬ ಯಜಮಾನರು ಕೇಳಿದರು. ನ್ಯಾಯವಾದ ಪ್ರಶ್ನೆ. ಲಂಡನ್ನಿನಲ್ಲಿ ಧರ್ಮ ಸಂಸ್ಥೆಗಳು ಓಟದಲ್ಲಿ ಕೆಲವು ಸ್ಥಾನಗಳನ್ನು ಹಣ ಕಟ್ಟಿ ಪಡೆದಿರುತ್ತವೆ. ಆ ಸ್ಥಾನದಲ್ಲಿ ಓಡುವವನು ಇಂತಿಷ್ಟು ಕೂಡಿಸಿ ಕೊಡುತ್ತೇನೆ ಅಂತ ಒಪ್ಪಿ, ನೆಂಟರು, ನೆರೆಯವರು, ಜೊತೆ ಕೆಲಸದವರ ಹತ್ತಿರ ಕೇಳುತ್ತಾನೆ. 2004ರಲ್ಲಿ ಶುರುವಾದ ಮುಂಬಯಿ ಮ್ಯಾರಥಾನಿನಲ್ಲೂ ಹೀಗೇ ಹಣ ಕೂಡಿಸುತ್ತಾರೆ. ಜನ ಕೊಡುವುದು ಓಡುವವನ ಮುಖ ನೋಡಿ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗಲೂ ಜನ ಅವರ ಮುಖ ನೋಡಿಯೇ ನಂಬಿರಬೇಕು.

ಸಂಘದ ಲಾಭದಲ್ಲೇ ಕೊಟ್ಟುಬಿಡಿ ಅನ್ನುವವರೂ ಇದ್ದಾರೆ. ಅದು ಎಲ್ಲ ಸದಸ್ಯರ ಹಣ, ಅದಕ್ಕೆ ಕಾಯಿದೆ ಇದೆ, ಸರ್ವ ಸದಸ್ಯರ ಸಭೆ ಇದೆ. ಈ ಹಣವನ್ನು ಮನಸ್ಸಿದ್ದವರು ಮಾತ್ರ ಕೊಡಲಿ. ಆದರೆ ಲೆಕ್ಕ ಬಿಗಿಯಾಗಿರಬೇಕು. ಹತ್ತು ರೂಪಾಯಿಗೂ ರಸೀದಿ, ಪ್ರತ್ಯೇಕ ಪುಸ್ತಕ, ಓಟ ಮುಗಿದ ವಾರದೊಳಗೆ ನೋಟೀಸ್ ಬೋರ್ಡಿನಲ್ಲಿ ಪಟ್ಟಿ. ಟೀ ಶರ್ಟು, ಶಾಮಿಯಾನ, ಹಾರ ತುರಾಯಿಗೆ ಇದರಲ್ಲಿ ಒಂದು ಪೈಸೆ ಮುಟ್ಟಕೂಡದು. ಬಿ.ಪಿ., ಸಕ್ಕರೆ ಇರುವವರು ಡಾಕ್ಟರಿಗೆ ತೋರಿಸಿಯೇ ಹೆಸರು ಕೊಡಬೇಕು. ನಾಳೆಯಿಂದಲೇ ದಿನಾ ಅಷ್ಟಷ್ಟು ಓಡಿ ಅಭ್ಯಾಸ ಮಾಡಿ. ಫೌಜಾ ಸಿಂಗರೂ ಏಕಾಏಕಿ ಹೋಗಿ ಓಡಿದವರಲ್ಲ.

ರಸೀದಿ ಪುಸ್ತಕ ಸೋಮವಾರದಿಂದ ಸಂಘದ ಕಚೇರಿಯಲ್ಲಿರುತ್ತೆ. ನಾನೂ ಹೆಸರು ಬರೆಸಿದ್ದೇನೆ. ಹಳ್ಳದ ಸೇತುವೆವರೆಗೆ ಓಡಿ, ಅಲ್ಲಿಂದಾಚೆಗೆ ನಡೆಯುತ್ತೇನೆ. ಅದಕ್ಕೆ ತಕ್ಕ ಹಾಗೆ ನನ್ನ ಹೆಸರಿಗೆ ಹಣ ಬರೆಸಿ.